ನ್ಯೂಸ್ಟೆಡ್ ಮನೆಯ ಒಡೆಯರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಉತ್ತರಕ್ಕೆ, ಕೆರೆತೋಪುಗಳ ನಡುವೆ, ನ್ಯೂಸ್ಟೆಡ್ ಆಬಿ ಎಂಬ ಪುರಾತನ ಭವನವಿದೆ. ಅದಕ್ಕೆ ಅಂಟಿಕೊಂಡೇ ಚರ್ಚೊಂದರ ಮುಂಗೋಡೆ ನಿಂತಿದೆ. ಗೋಡೆಯ ಹಿಂದೆ ಚರ್ಚು ಇಲ್ಲ, ಹಸುರು ಹುಲ್ಲು ಮಾತ್ರ. ಇದನ್ನು ಕಟ್ಟಿದವರಾರು, ಕೆಡಿಸಿದವರಾರು, ಉಳಿಸಿದವರಾರು ಎಂಬ ಪ್ರಶ್ನೆ ನೋಡುವವರ ಮನದಲ್ಲಿ ಏಳದಿರದು.

12ನೆಯ ಶತಮಾನದಲ್ಲಿ ಎರಡನೆಯ ಹೆನ್ರಿ ದೊರೆಯು ಇಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವನ್ನು ಸ್ಥಾಪಿಸಿದನು. 1539ರಲ್ಲಿ ಎಂಟನೆಯ ಹೆನ್ರಿ ಮಠವನ್ನು ಮುಚ್ಚಿಸಿದನು. ಸನ್ಯಾಸಿಗಳು ಹೊರಡುವ ಮೊದಲು ಹದ್ದಿನ ಆಕಾರದ ತಮ್ಮ ಹಿತ್ತಾಳೆಯ ಗ್ರಂಥಪೀಠವನ್ನು ಕೆರೆಗೆ ಎಸೆದರೆಂದು ಪ್ರತೀತಿ. 18ನೆಯ ಶತಮಾನದಲ್ಲಿ ಕೆರೆಯಿಂದ ಮೇಲೆತ್ತಲಾದ ಆ ಪೀಠ ಇಂದು ಸೌತ್‌ವೆಲ್ ಊರಿನ ದೊಡ್ಡ ಚರ್ಚಿನಲ್ಲಿದೆ.

1540ರಲ್ಲಿ ಮಠವು ಸರ್ ಜಾನ್ ಬೈರನ್ ಎಂಬ ಶ್ರೀಮಂತನ ವಶವಾಗಿ ವಾಸದ ಮನೆಯಾಯಿತು. ಆ ವಂಶದ ಐದನೆಯ ಲಾರ್ಡ್ ಮುಂಗೋಪಿ. 1765ರಲ್ಲಿ ಆತ ಲಂಡನ್ನಿನ ಹೋಟೆಲೊಂದರಲ್ಲಿ ಬೇಟೆಯ ಪ್ರಾಣಿಗಳ ವಿಷಯವಾಗಿ ನೆರೆಯವನೂ ಬಂಧುವೂ ಆದ ವಿಲಿಯಂ ಚಾವರ್ತನೊಡನೆ ಜಗಳವಾಡಿ, ಕತ್ತಿಯಿಂದ ಇರಿದು ಕೊಂದನು. ಲಾರ್ಡುಗಳ ಸಭೆಯಲ್ಲಿ ವಿಚಾರಣೆ ನಡೆದು ಸಣ್ಣ ದಂಡದಿಂದ ಪಾರಾದನು. ಮುಂದೆ ಮರಗಳನ್ನು ಕಡಿಸಿ ಮಾರಿದನು. ಮನೆಯನ್ನು ಸೋರಲು ಬಿಟ್ಟನು. ಮಗನೂ ಮೊಮ್ಮಗನೂ ಅವನಿಗಿಂತ ಮೊದಲೇ ತೀರಿಹೋದರು.

1798ರಲ್ಲಿ ಮುದುಕ ಸತ್ತಾಗ, ಸ್ಕಾಟ್ಲೆಂಡಿನಲ್ಲಿ ತಾಯಿಯೊಡನಿದ್ದ ಹತ್ತು ವರ್ಷದ ಬಾಲಕನೊಬ್ಬ ಈ ಪಾಳುಮನೆಗೆ ಒಡೆಯನಾದನು. ಅವನೇ ಮುಂದೆ ಜಗತ್ಪ್ರಸಿದ್ಧ ಕವಿಯಾದ ಲಾರ್ಡ್ ಬೈರನ್. ಬಾಲಕ ಅಂಗಳದಲ್ಲಿ ಓಕ್ ಸಸಿಯೊಂದನ್ನು ನೆಟ್ಟು, ಅದು ಬಾಳಿದಂತೆ ತಾನೂ ಬಾಳುವೆನೆಂದು ನಂಬಿದನು. ಯೌವನದಲ್ಲಿ ಅವನಿಗೆ ಬೋಸನ್ ಎಂಬ ನಾಯಿ ಪ್ರಾಣಪ್ರಿಯವಾಗಿತ್ತು. 1808ರಲ್ಲಿ ಅದಕ್ಕೆ ಹುಚ್ಚು ಹಿಡಿದಾಗ ತಾನೇ ಆರೈಕೆ ಮಾಡಿದನು. ಸತ್ತಾಗ ಹಾಳುಚರ್ಚಿನ ನೆಲದಲ್ಲಿ ಹೂಳಿ ಭವ್ಯವಾದ ಸ್ಮಾರಕ ಕಟ್ಟಿಸಿದನು. ತನ್ನನ್ನೂ ಅಲ್ಲಿಯೇ ಹೂಳಬೇಕೆಂಬುದು ಅವನ ಬಯಕೆಯಾಗಿತ್ತು.

ಆದರೆ ಸಾಲ ಬಯಕೆಯನ್ನು ಕೇಳುವುದಿಲ್ಲ. ಕವಿ 1816ರಲ್ಲಿ ಇಂಗ್ಲೆಂಡನ್ನು ತೊರೆದನು. ಮರುವರ್ಷ ಮನೆ 94,500 ಪೌಂಡುಗಳಿಗೆ ಮಾರಾಟವಾಯಿತು. 1824ರಲ್ಲಿ ಗ್ರೀಸ್ ದೇಶದಲ್ಲಿ ಮಡಿದ ಅವನನ್ನು ಕೆಲವೇ ಮೈಲಿ ದೂರದ ಹಕ್ನಲ್ ಚರ್ಚಿನಲ್ಲಿ ಹೂಳಿದರು. ನಾಯಿಯ ಸಮಾಧಿ ನ್ಯೂಸ್ಟೆಡ್ಡಿನಲ್ಲಿ ಒಂಟಿಯಾಗಿಯೇ ಉಳಿಯಿತು.

ಮನೆಯನ್ನು ಕೊಂಡವನು ಕವಿಯ ಸಹಪಾಠಿ, ವಾಟರ್ಲೂ ಯುದ್ಧದಲ್ಲಿ ಹೋರಾಡಿದ ಥಾಮಸ್ ವೈಲ್ಡ್‌ಮನ್. ತಪ್ಪು ಜಾಗದಲ್ಲಿ ಬೆಳೆದಿದೆಯೆಂದು ಓಕ್ ಮರವೊಂದನ್ನು ಕಡಿಸಲು ಆತ ಯೋಚಿಸಿದಾಗ, ಅದು ಹಳೆಯ ಒಡೆಯರು ಕೈಯಾರೆ ನೆಟ್ಟದ್ದೆಂದು ಸೇವಕನು ತಿಳಿಸಿದನಂತೆ. ಮರ ಉಳಿಯಿತು. ವೈಲ್ಡ್‌ಮನ್ ಹಲವು ವರ್ಷ ಅಪಾರ ಹಣ ಸುರಿದು ಮನೆಯನ್ನು ಜೀರ್ಣೋದ್ಧಾರ ಮಾಡಿದನು. ಆದರೆ ಆತನ ಕುಟುಂಬದ ಸಿರಿಗೆ ಜಮೈಕಾ ದ್ವೀಪದ ಕಬ್ಬಿನ ತೋಟಗಳು ಮೂಲವಾಗಿದ್ದವು. ಅಲ್ಲಿ ದುಡಿದವರು ಆಫ್ರಿಕಾ ಮೂಲದ ಗುಲಾಮರು. ಮನೆಯೊಡೆಯರ ಪಟ್ಟಿಯಲ್ಲಿ ಅವರ ಹೆಸರುಗಳಿಲ್ಲ.

1861ರಲ್ಲಿ ಮನೆ ವಿಲಿಯಂ ಫ್ರೆಡರಿಕ್ ವೆಬ್ ಎಂಬುವನದಾಯಿತು. ಅವನ ಸ್ನೇಹಿತ, ಪರ್ಯಟಕ ಡೇವಿಡ್ ಲಿವಿಂಗ್‌ಸ್ಟನ್, 1864-65ರಲ್ಲಿ ಇಲ್ಲಿ ಅತಿಥಿಯಾಗಿದ್ದು ತನ್ನ ಜಾಂಬೆಸಿ ಯಾತ್ರೆಯ ಗ್ರಂಥವನ್ನು ಬರೆದನು. ಗುಲಾಮರ ವ್ಯಾಪಾರದ ಘೋರವನ್ನು ಲೋಕಕ್ಕೆ ತಿಳಿಸುವ ಪುಟಗಳು, ಗುಲಾಮರ ಬೆವರಿನ ಹಣದಿಂದ ದುರಸ್ತಿಗೊಂಡ ಛಾವಣಿಯ ಕೆಳಗೆ ಮೂಡಿದುದು ಕಾಲದ ವೈಚಿತ್ರ್ಯವಲ್ಲವೆ?

1931ರಲ್ಲಿ ಸರ್ ಜೂಲಿಯನ್ ಕಾನ್ ಎಂಬ ವ್ಯಾಪಾರಿ ಈ ಮನೆಯನ್ನು ಕೊಂಡನು. ಕೊಂಡು ಬೀಗ ಹಾಕಲಿಲ್ಲ, ನಾಟಿಂಗ್‌ಹ್ಯಾಮ್ ನಗರಸಭೆಗೆ ದಾನವಾಗಿತ್ತನು. ಕವಿ ನೆಟ್ಟ ಮರ ಇಂದಿಲ್ಲ, ಅದರ ಬೊಡ್ಡೆಯಷ್ಟೇ ಇದೆ.

ಒಬ್ಬ ಒಡೆಯನು ಪಿತ್ರಾರ್ಜಿತವೆಂದು ಮನೆಯನ್ನು ಹಾಳುಗೆಡವಿದನು. ಒಬ್ಬನು ಪ್ರೀತಿಸಿಯೂ ಉಳಿಸಿಕೊಳ್ಳಲಾರದೆ ಹೋದನು. ಒಬ್ಬನು ಪರರ ದುಡಿಮೆಯಿಂದ ಬಂದ ಹಣದಲ್ಲಿ ಕಾಪಾಡಿದನು. ಕೊನೆಯವನು ಕೊಟ್ಟು ಧನ್ಯನಾದನು. ಒಡೆತನವೆಂಬುದು ಹಕ್ಕೆಂದು ಹಲವರು ಬಗೆಯುತ್ತಾರೆ. ಅದು ಕೆಲವು ಕಾಲ ಹೊರಬೇಕಾದ ಹೊಣೆಯೆಂಬುದನ್ನು ನ್ಯೂಸ್ಟೆಡ್ಡಿನ ಒಂಟಿ ಗೋಡೆ ಮೌನವಾಗಿ ಸಾರುತ್ತಿದೆ.