ಒರೆ ಸೇರಿದ ಕತ್ತಿ

ನನ್ನ ಮೆಚ್ಚಿನ ವಿಡಿಯೋ ಗೇಮುಗಳಲ್ಲಿ ಟೆಟ್ರಿಸ್ ಇದೆ, ಮಾರಿಯೋ ಇದೆ. ಆದರೆ ಮನಸ್ಸು ನಿಲ್ಲುವುದು 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಬಳಿ. ಡೊಂಬಿವಲಿಯ ಕಂಪ್ಯೂಟರ್ ತರಗತಿಯೊಂದರಲ್ಲಿ ನಾನೂ ತಮ್ಮನೂ ಒಂದೇ ಕುರ್ಚಿಯಲ್ಲಿ ಕುಳಿತು ಆಡುತ್ತಿದ್ದೆವು. ಓಟ ನನ್ನದು, ಕತ್ತಿವರಸೆ ಅವನದು. ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ. ನಾವು ತೆತ್ತ ಶುಲ್ಕಕ್ಕೂ ಅಷ್ಟೇ ಅವಧಿ! ಆಟವನ್ನು ರೂಪಿಸಿದ ಜೋರ್ಡಾನ್ ಮೆಕ್ನರ್ ಸ್ವಂತ ತಮ್ಮನನ್ನೇ ಓಡಿಸಿ, ಜಿಗಿಸಿ, ಚಿತ್ರೀಕರಿಸಿ ಆ ಚಲನೆಯನ್ನು ನಾಯಕನಿಗೆ ಕೊಟ್ಟರೆಂದು ತಿಳಿದದ್ದು ಬಹಳ ತಡವಾಗಿ.

ನಾಲ್ಕನೆಯ ಹಂತದಲ್ಲಿ ನಾಯಕ ಕನ್ನಡಿಯೊಂದನ್ನು ಭೇದಿಸಿ ಹಾರಿದಾಗ ಅವನ ನೆರಳು ಬೇರ್ಪಟ್ಟು ಓಡುತ್ತದೆ. ಹನ್ನೆರಡನೆಯದರಲ್ಲಿ ಅದೇ ನೆರಳು ಕತ್ತಿ ಹಿರಿದು ಎದುರಾಗುತ್ತದೆ. ಅದಕ್ಕೆ ಕೊಟ್ಟ ಪೆಟ್ಟು ನಮಗೂ ತಗಲುತ್ತದೆ. ಎಷ್ಟೋ ವಾರ ಸೋತೆವು. ಒಂದು ಸಂಜೆ ತಮ್ಮ ಸುಮ್ಮನೆ ಕತ್ತಿಯನ್ನು ಒರೆಗೆ ಸೇರಿಸಿದ, ನೆರಳೂ ಸೇರಿಸಿತು. ಇಬ್ಬರೂ ಒಂದಾದರು.

ಧಾರವಾಡದ ಮನೆಯ ಪಾಲಿನ ವಿಷಯಕ್ಕೆ ನಾವು ಮಾತು ಬಿಟ್ಟು ಆರು ವರ್ಷವಾಯಿತು. ಕಳೆದ ವಾರ ಮತ್ತೆ ಆಡಲು ಕುಳಿತೆ. ನೆರಳಿನ ಮುಂದೆ ನಿಂತಿದ್ದೇನೆ. ಹೊಡೆಯುವ ಕೀ ಗೊತ್ತು. ಒರೆಗೆ ಸೇರಿಸುವುದು ಯಾವುದೆಂದು ಮರೆತಿದೆ. ಅವನನ್ನೇ ಕೇಳಬೇಕು.