ಅಗಸಿ ಹಿಂಡಿಯ ಡಬ್ಬಿ

ಧಾರವಾಡದಿಂದ ಅವ್ವ ಕಳಿಸುವ ಗಂಟಿನಲ್ಲಿ ಅಗಸಿ ಹಿಂಡಿಯ ಡಬ್ಬಿ ಇರದ ಸಲವೇ ಇಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ಅದನ್ನು ನೆರೆಯವರೆದುರು ತೆರೆಯಲು ನನಗೆ ಸಂಕೋಚ.

ಕಳೆದ ವರ್ಷ ನಮ್ಮ ಯಜಮಾನರಿಗೆ ಹೃದಯಾಘಾತವಾಯಿತು. ಪರಿಚಿತರೊಬ್ಬರ ಮಾತು ನಂಬಿ ದುಬಾರಿ ಮೀನೆಣ್ಣೆ ಗುಳಿಗೆ ತಂದೆ. ಸಾಲದ್ದಕ್ಕೆ, ಇನ್ನು ಡಾಕ್ಟರರ ಮಾತ್ರೆ ಏಕೆಂದು ಎರಡು ದಿನ ನಿಲ್ಲಿಸಿಯೂ ಬಿಟ್ಟೆ!

ಡಾಕ್ಟರರು ಗದರಲಿಲ್ಲ, ಕುಳ್ಳಿರಿಸಿ ತಿಳಿಹೇಳಿದರು. ಪ್ರತಿ ಜೀವಕೋಶಕ್ಕೂ ಕೊಬ್ಬಿನ ಎರಡು ಪದರದ ಪೊರೆಯಿದೆ. ಅದಕ್ಕೆ ಬೇಕಾದ ಕೆಲವು ಕೊಬ್ಬಿನಾಮ್ಲಗಳನ್ನು ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. 1929ರಲ್ಲಿ ಅಮೆರಿಕದ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು, ಕೊಬ್ಬು ಬೇಕೇ ಬೇಕೆಂಬುದನ್ನು ಕಂಡುಕೊಂಡರು. ಅಗಸಿ ಎಣ್ಣೆಯಲ್ಲಿ ಸುಮಾರು ಅರ್ಧ ಒಮೆಗಾ-3. ಆದರೆ ಮೀನೆಣ್ಣೆಯಲ್ಲಿರುವ ಬಗೆಗೆ ಅದು ಮೈಯಲ್ಲಿ ಮಾರ್ಪಡುವುದು ಸ್ವಲ್ಪವೇ. "ಹಿಂಡಿ ಊಟಕ್ಕೆ, ಮಾತ್ರೆ ರೋಗಕ್ಕೆ. ಒಂದರ ಕೆಲಸ ಇನ್ನೊಂದು ಮಾಡದು," ಎಂದರು.

ಈಗ ಎರಡು ಡಬ್ಬಿಗಳೂ ಒಂದೇ ಹಲಗೆಯ ಮೇಲಿವೆ. ಕುಟ್ಟಿದ ಅಗಸಿ ಬೇಗ ಕಮಟಾಗುತ್ತದೆಂದು ಅವ್ವ ಸ್ವಲ್ಪ ಸ್ವಲ್ಪವೇ ಕಳಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು: "ಹಿಂಡಿ ತೀರೇತೇನವಾ?"

"ತೀರೇತಿ ಅವ್ವಾ, ಲಗೂನ ಕಳಸು," ಎಂದೆ. ಆ ಎರಡು ದಿನಗಳ ಸಂಗತಿಯನ್ನು ಮಾತ್ರ ಅವಳಿಗಿನ್ನೂ ಹೇಳಿಲ್ಲ.