ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಮ್ಮನ ಒಲೆ

"ಟಾಟಾ ಇನ್‌ಸ್ಟಿಟ್ಯೂಟ್ ಇಳಿಯೋರು ಮುಂದೆ ಬನ್ನಿ" ಅಂತ ಕಂಡಕ್ಟರ್ ಕೂಗಿದಾಗ ಅಮ್ಮ ನನ್ನ ಮುಖ ನೋಡಿದಳು. ನಾನು ಅವಳಿಗೆ ಹೇಳಿದ್ದು ಐಐಎಸ್‌ಸಿ ಅಂತ. ಬೆಂಗಳೂರಿನ ಬಸ್ಸುಗಳಿಗೆ ಮಾತ್ರ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ.

ವರ್ಷಕ್ಕೊಂದು ಶನಿವಾರ, ಸಾಮಾನ್ಯವಾಗಿ ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ, ಇಲ್ಲಿ ಓಪನ್ ಡೇ. ಅವತ್ತು ಯಾರು ಬೇಕಾದರೂ ಒಳಗೆ ಹೋಗಬಹುದು. ಟಿಕೆಟ್ ಇಲ್ಲ. ಪ್ರಯೋಗಾಲಯಗಳ ಬಾಗಿಲು ತೆಗೆದಿರುತ್ತವೆ, ಪಿಎಚ್‌ಡಿ ಮಾಡ್ತಿರೋರು ತಮ್ಮ ಕೆಲಸವನ್ನ ಐದನೇ ಕ್ಲಾಸಿನ ಮಕ್ಕಳಿಗೆ ವಿವರಿಸುತ್ತಾ ಬೆವರುತ್ತಿರುತ್ತಾರೆ. ಎಂಟು ವರ್ಷದಿಂದ ಇದೇ ಊರಲ್ಲಿದ್ದರೂ ನಾನು ಒಮ್ಮೆಯೂ ಹೋಗಿರಲಿಲ್ಲ. ಬಿಡುವಿರಲಿಲ್ಲ ಅಂತ ಹೇಳಬಹುದು. ನಿಜ ಅದಲ್ಲ. ಇಂಜಿನಿಯರಿಂಗ್ ಮುಗಿದ ವರ್ಷ ಗೇಟ್ ಬರೆದು, ಇದೇ ಕ್ಯಾಂಪಸ್ಸಿಂದ ಸಂಶೋಧನೆಯ ಸೀಟಿಗೆ ಇಂಟರ್‌ವ್ಯೂ ಕರೆ ಬಂದಿತ್ತು. ಅದೇ ವಾರ ಕಂಪನಿಯ ಆಫರ್ ಲೆಟರ್ರೂ ಬಂತು. ಎಜುಕೇಶನ್ ಲೋನ್ ಇತ್ತು. ನಾನು ಇಂಟರ್‌ವ್ಯೂಗೆ ಹೋಗಲಿಲ್ಲ. ಅದಾದ ಮೇಲೆ ಯಶವಂತಪುರದ ಕಡೆ ಹೋಗುವಾಗೆಲ್ಲ ಈ ಗೇಟು ಬಂದ ತಕ್ಷಣ ಫೋನ್ ನೋಡಿಕೊಂಡು ಕೂರುತ್ತಿದ್ದೆ.

ಈ ಸಲ ಅಮ್ಮ ಕುಣಿಗಲ್ಲಿಂದ ಬಂದಿದ್ದಳು. ಮಾಲ್ ಬೇಡ, ಬಿಸಿಲು ಅಂತ ಪಾರ್ಕೂ ಬೇಡ ಅಂದಳು. ಮರಗಳಿರೋ ಜಾಗ ಅಂದಿದ್ದಕ್ಕೆ ಒಪ್ಪಿದಳು.

ಮರಗಳಂತೂ ಇವೆ. ಜಮ್‌ಶೆಟ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ ಕೊಟ್ಟ ಜಾಗ 371 ಎಕರೆ. 1909ರಲ್ಲಿ ಸಂಸ್ಥೆ ಶುರುವಾಗುವ ಹೊತ್ತಿಗೆ ಟಾಟಾ ತೀರಿಕೊಂಡು ಐದು ವರ್ಷವಾಗಿತ್ತು. ಗೋಪುರವಿರುವ ಕಲ್ಲಿನ ಮುಖ್ಯ ಕಟ್ಟಡದ ಎದುರು ಅವರ ಪ್ರತಿಮೆ ಇದೆ. ಅಲ್ಲಿ ಸೆಲ್ಫಿಗೆ ಕ್ಯೂ. ನಾವೂ ಒಂದು ತೆಗೆದುಕೊಂಡೆವು, ಅದರಲ್ಲಿ ಟಾಟಾ ಅವರ ತಲೆ ಬಂದಿಲ್ಲ.

ಜನ ಮುಗಿಬೀಳುವುದು ಕೃತಕ ಮಿಂಚು ಹೊಡೆಸುವ ಹೈ ವೋಲ್ಟೇಜ್ ಲ್ಯಾಬಿಗೆ. ಕ್ಯೂ ನೋಡಿಯೇ ಅಮ್ಮ "ಮಿಂಚು ನಮ್ಮೂರಲ್ಲಿ ಬಿಟ್ಟಿ ಸಿಗುತ್ತೆ" ಅಂದಳು. ನನಗೆ ನೋಡಬೇಕಿದ್ದದ್ದು ಸೂಪರ್ ಕಂಪ್ಯೂಟರ್ ಇರುವ ಕಟ್ಟಡ. 2022ರಿಂದ ಇಲ್ಲಿ 'ಪರಮ್ ಪ್ರವೇಗ' ಓಡುತ್ತಿದೆ, 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕ. ಇದೇ ಕೇಂದ್ರವನ್ನು 1980ರ ದಶಕದಲ್ಲಿ ನಡೆಸಿದವರು ವಿ. ರಾಜಾರಾಮನ್. ಅವರ ಪುಸ್ತಕ ಓದಿ ಪ್ರೋಗ್ರಾಮಿಂಗ್ ಕಲಿತ ಇಂಜಿನಿಯರುಗಳು ಈ ದೇಶದಲ್ಲಿ ಎಷ್ಟೋ ತಲೆಮಾರು. 1950ರ ದಶಕದಲ್ಲಿ ಅವರೂ ಇಲ್ಲಿ ವಿದ್ಯಾರ್ಥಿಯಾಗಿದ್ದವರೇ. ನಾನು ಇದನ್ನೆಲ್ಲ ಉತ್ಸಾಹದಲ್ಲಿ ಹೇಳುತ್ತಿದ್ದರೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟೊಂದು ಲೆಕ್ಕ ಯಾರಿಗೆ ಬೇಕು?"

ಹವಾಮಾನ, ಔಷಧಿಯ ಅಣು, ವಿಮಾನದ ರೆಕ್ಕೆ ಅಂತ ಏನೋ ಹೇಳಿದೆ. ತಲೆಯಾಡಿಸಿದಳು. ನಾನು ಆಫೀಸಿನ ಕೆಲಸ ವಿವರಿಸುವಾಗಲೂ ಹೀಗೇ ತಲೆಯಾಡಿಸುತ್ತಾಳೆ.

ಕಾಲು ನೋವು ಅಂತ ಒಂದು ಮರದ ಕೆಳಗೆ ಕೂತೆವು. ಎದುರಿಗೆ 'ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್' ಅನ್ನೋ ಬೋರ್ಡು. ಸುಮ್ಮನೆ ಫೋನಲ್ಲಿ ಅದರ ಇತಿಹಾಸ ಓದಿ ಹೇಳಿದೆ. ಮೊದಲು ಇದರ ಹೆಸರು ಅಸ್ತ್ರ, ಹಳ್ಳಿಗಳಿಗೆ ವಿಜ್ಞಾನ–ತಂತ್ರಜ್ಞಾನ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, 1974ರಲ್ಲಿ ಶುರುವಾಗಿದ್ದು, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಇವರ ಕೇಂದ್ರವಿತ್ತು...

"ಅಸ್ತ್ರ ಒಲೆ ಅಸ್ತ್ರಾನಾ?" ಅಂದಳು ಅಮ್ಮ.

ಅವಳ ತವರಲ್ಲಿ ಅಸ್ತ್ರ ಒಲೆ ಇತ್ತು. ಅಜ್ಜಿ ಮನೆಯ ಮೂಲೆಯ ಆ ಮಣ್ಣಿನ ದಿಂಡು, ಗೋಡೆ ತೂರಿ ಹೋದ ಕೊಳವೆ ನನಗೂ ಮಸುಕಾಗಿ ನೆನಪಿದೆ. ಆದರೆ ಅದು ಯಾರೋ ಕೂತು ಡಿಸೈನ್ ಮಾಡಿದ ವಸ್ತು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಅಮ್ಮ ಇಷ್ಟು ವರ್ಷ ಅಂದುಕೊಂಡಿದ್ದು, ಹೊಗೆ ಅನ್ನೋ ರಾಕ್ಷಸನ ಮೇಲೆ ಬಿಟ್ಟ ಬಾಣ, ಅದಕ್ಕೇ ಅಸ್ತ್ರ ಅಂತ. ನನಗೆ ಅಸಲಿ ಹೆಸರಿಗಿಂತ ಇದೇ ಚೆನ್ನಾಗಿದೆ ಅನ್ನಿಸಿತು.

ಅಸ್ತ್ರ ಕಟ್ಟಿದ ಅಮೂಲ್ಯ ರೆಡ್ಡಿ ಅವರು ಮೂಲತಃ ಎಲೆಕ್ಟ್ರೋಕೆಮಿಸ್ಟ್ರಿಯವರು. ಆ ವಿಷಯದಲ್ಲಿ ಜಗತ್ತಿನ ಕಾಲೇಜುಗಳು ಓದಿದ ಪುಸ್ತಕದ ಇಬ್ಬರು ಲೇಖಕರಲ್ಲಿ ಒಬ್ಬರು. ಅಂಥವರು ಸೌದೆ, ಸಗಣಿ, ಮಣ್ಣಿನ ಕಡೆ ತಿರುಗಿದರು. ತಂಡ ಮೊದಲು ಮಾಡಿದ ಕೆಲಸ ಯಂತ್ರ ಕಟ್ಟುವುದಲ್ಲ, ಲೆಕ್ಕ ಹಾಕುವುದು. ಉಂಗ್ರದ ಸುತ್ತಲ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತೆ, ಅದು ಎಲ್ಲಿಂದ ಬರುತ್ತೆ, ಯಾರ ಮೈಯಿಂದ ಬರುತ್ತೆ ಅಂತ ಅಳೆದರು. ಹೆಂಗಸರು ಸೌದೆಗೆ, ನೀರಿಗೆ ನಡೆಯುವ ಗಂಟೆಗಳೂ ಆ ಲೆಕ್ಕದಲ್ಲಿದ್ದವು. ಬಂದ ಉತ್ತರ: ಹಳ್ಳಿ ಬಳಸುವ ಶಕ್ತಿಯ ದೊಡ್ಡ ಪಾಲು ಸೌದೆ, ಆ ಸೌದೆಯ ದೊಡ್ಡ ಪಾಲು ಹೋಗೋದು ಅಡುಗೆಗೆ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಶಾಖದ ಬಹುಪಾಲು ಪಾತ್ರೆ ಮುಟ್ಟದೆ ಗಾಳಿಗೆ ಹೋಗುತ್ತೆ. ಹಾಗಾಗಿ ಒಲೆ.

ಡಿಸೈನು ಈಗ ಓದಿದರೆ ಸರಳ. ಉರಿ ಮುಚ್ಚಿದ ಗೂಡಿನೊಳಗೆ, ಜಾಲರಿಯ ಮೇಲೆ. ಬಿಸಿ ಗಾಳಿ ಮೊದಲ ಪಾತ್ರೆಯ ತಳ ತಾಗಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ಆಮೇಲೆ ಕೊಳವೆಯಲ್ಲಿ ಮನೆಯಿಂದ ಹೊರಗೆ. ಬಾಯಿಯ ಅಗಲ, ದಾರಿಯ ಎತ್ತರ ಒಂದಿಷ್ಟು ತಪ್ಪಿದರೂ ಹೊಗೆ ವಾಪಸ್ಸು ಒಳಗೇ.

"ವಾರಕ್ಕೆ ಮೂರು ಸಲ ಸೌದೆಗೆ ಹೋಗ್ತಿದ್ವಿ, ಒಲೆ ಬಂದ ಮೇಲೆ ಎರಡು ಸಲ" ಅಂದಳು ಅಮ್ಮ. ಅವಳಾಗ ಹೈಸ್ಕೂಲು. ಸೌದೆಯ ದಿನ ಸ್ಕೂಲಿಗೆ ಚಕ್ಕರ್. ನಾನು ತಕ್ಷಣ, "ಹಾಗಾದ್ರೆ ನೀನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಈ ಒಲೆಯಿಂದಾನೇ?" ಅಂದೆ.

"ಒಲೆ ಬಂದು ಪರೀಕ್ಷೆ ಬರೀತೇನೇ? ನಾನ್ ಓದಿದ್ದಕ್ಕೆ ಪಾಸಾದೆ" ಅಂತ ಬೈದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮನ ಕಣ್ಣು ಮಾತ್ರ ಕೆಂಪಗಾಗೋದು ನಿಂತಿತ್ತು" ಅಂದಳು.

ದೂರೂ ಇತ್ತು. ಸೌದೆ ಸಣ್ಣಗೆ ಸೀಳಬೇಕು, ಆ ಕೆಲಸ ಮತ್ತೆ ಹೆಂಗಸರದೇ. ಹಿಟ್ಟು ತೊಳಸೋವಾಗ ಪಾತ್ರೆ ಅಲ್ಲಾಡಿ ಒಲೆಯ ಅಂಚು ಒಡೆಯುತ್ತಿತ್ತಂತೆ, ಕೆಳಗಿಳಿಸಿ ತೊಳಸಬೇಕಿತ್ತು. ನಮ್ಮ ಆಫೀಸಲ್ಲಿ ಇದಕ್ಕೆ ಯೂಸರ್ ಫೀಡ್‌ಬ್ಯಾಕ್ ಅಂತ ಹೆಸರಿಟ್ಟು ಮೂರು ಮೀಟಿಂಗ್ ಮಾಡುತ್ತೇವೆ.

ಇವರ ಎಲ್ಲ ಯೋಚನೆಯೂ ಮೊದಲ ಸಲಕ್ಕೇ ಕೂಡಿಬಂದಿದ್ದಲ್ಲ. ಉಂಗ್ರದ ಹತ್ತಿರದ ಪುರ ಅನ್ನೋ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಕಟ್ಟಿ ಅಡುಗೆಗೆ ಕೊಡೋಣ ಅಂತ ಹೊರಟರು. ಸಗಣಿ ಸಾಲಲಿಲ್ಲ. ಆಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, 1980ರ ದಶಕದ ಕೊನೆಗೆ ಊರಿಗೆ ದೀಪ, ಕುಡಿಯುವ ನೀರಿನ ಪಂಪು ನಡೆಸಿದರು. ಸಗಣಿ ತಂದವರಿಗೆ ತೂಕಕ್ಕೆ ಸರಿಯಾಗಿ ದುಡ್ಡು, ಜೊತೆಗೆ ಗೊಬ್ಬರ ವಾಪಸ್ಸು. ಸೋತ ಪ್ರಯೋಗವನ್ನ ಮುಚ್ಚಿಡದೆ ಹೀಗೆ ತಿರುಗಿಸಿದ್ದು ನನಗೆ ಪೆಟಾಫ್ಲಾಪಿಗಿಂತ ದೊಡ್ಡದಾಗಿ ಕಂಡಿತು. ಇದು ನನ್ನ ಅಭಿಪ್ರಾಯ, ಸೂಪರ್ ಕಂಪ್ಯೂಟರಿನವರು ಬೇಜಾರು ಮಾಡ್ಕೋಬಾರದು.

ಈಗ ಇದೇ ಕ್ಯಾಂಪಸ್ಸಿನವರು 'ವಾಣಿ' ಅನ್ನೋ ಯೋಜನೆ ನಡೆಸುತ್ತಿದ್ದಾರೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಜೊತೆ. ಜಿಲ್ಲೆ ಜಿಲ್ಲೆಯಲ್ಲಿ ಜನರಿಗೆ ಚಿತ್ರ ತೋರಿಸಿ, ನಿಮ್ಮ ಮಾತಲ್ಲಿ ಹೇಳಿ ಅಂತ ಕೇಳಿ ಧ್ವನಿ ಸಂಗ್ರಹಿಸುತ್ತಾರೆ. ಆ ಡೇಟಾ ಎಲ್ಲರಿಗೂ ಮುಕ್ತ. ನನ್ನ ಕೆಲಸವೂ ಮಾತು ಗುರುತಿಸುವ ಸಾಫ್ಟ್‌ವೇರಿನ ಹತ್ತಿರದ್ದೇ, ಹಾಗಾಗಿ ಇದರ ಬೆಲೆ ಗೊತ್ತು. ಅಮ್ಮನ ಫೋನಿಗೆ ಟಿವಿ ನ್ಯೂಸಿನ ಕನ್ನಡ ಅರ್ಥವಾಗುತ್ತೆ, ಅವಳ ಕನ್ನಡ ಆಗಲ್ಲ. "ಹಿಟ್ಟು ತೊಳಸೋ ಕೋಲು" ಅಂದರೆ ಅದು ಬೇರೇನನ್ನೋ ಹುಡುಕಿ ಕೊಡುತ್ತೆ. ಅವಳು ತನ್ನದೇ ತಪ್ಪು ಅಂದುಕೊಂಡು ಪುಸ್ತಕದ ಭಾಷೆಯಲ್ಲಿ ನಿಧಾನವಾಗಿ ಮತ್ತೆ ಹೇಳುತ್ತಾಳೆ. ಅದನ್ನು ಕೇಳುವಾಗ ನನಗೆ ನಾಚಿಕೆಯಾಗುತ್ತೆ.

ಸಂಜೆ ಗೇಟಿನ ಹತ್ತಿರ ಬಸ್ಸಿಗೆ ಕಾಯುವಾಗ ಅಮ್ಮ ಕೇಳಿದಳು, "ನಿನ್ನ ಇಲ್ಲಿಗೇ ಅಲ್ವಾ ಕರೆದಿದ್ದು?"

ಹೌದು ಅಂದೆ. ಅವಳಿಗೆ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

"ಮತ್ತೆ ಕರೆಯಲ್ವಾ?"

ಕೆಲಸದಲ್ಲಿ ಇದ್ದುಕೊಂಡೇ ಇಲ್ಲಿ ಪಿಎಚ್‌ಡಿ ಮಾಡುವ ದಾರಿ ಇದೆ, ಕಂಪನಿಯಿಂದ ಒಪ್ಪಿಗೆ ಪತ್ರ ಬೇಕು, ಅವರು ಕೊಡ್ತಾರೋ ಇಲ್ವೋ ಅಂದೆ.

"ಕೇಳಿದ್ಯಾ?"

"ಇಲ್ಲ."

"ಸೋಮವಾರ ಕೇಳು" ಅಂದಳು. ಅಷ್ಟರಲ್ಲಿ ಬಸ್ ಬಂತು. ಹತ್ತುತ್ತಾ, ನಾಳೆ ಕುಣಿಗಲ್ ಬಸ್ಸಲ್ಲಿ ಕಿಟಕಿ ಸೀಟು ಸಿಗಬೇಕಾದರೆ ಎಷ್ಟು ಗಂಟೆಗೆ ಹೊರಡಬೇಕು ಅಂತ ಶುರು ಮಾಡಿದಳು.